ಕಾವಿಗಿಟ್ಟ ಹದಿಮೂರು ಮೊಟ್ಟೆ

"ಮತ್ತೆ ಫೋನು. ಬೆಳಗಿನಿಂದ ಇದು ಮೂರನೇ ಸಲ. ನಾನು ಹಿಟ್ಟಿಗೆ ಕೈ ಹಾಕಿದಾಗಲೇ ಆ ಮೇಡಮ್ಮಿಗೆ ನನ್ನ ನೆನಪು," ಎನ್ನುತ್ತ ಹುಲಿಗೆಮ್ಮ ಹೊಳೆದಂಡೆಯ ಗುಡಿಸಲಿಗೆ ಬಂದಳು.

ಗುರುವಮ್ಮ ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿಗೆ ಕಾಳು ಹಾಕುತ್ತಿದ್ದಳು. "ಯಾವ ಮೇಡಮ್ಮು?"

"ನನ್ನ ರೊಟ್ಟಿ ತಟ್ಟುವ ಯಂತ್ರಕ್ಕೆ ಬಂಡವಾಳ ಹಾಕಿದವರು. ವೆಂಚರ್ ಕ್ಯಾಪಿಟಲ್ ಅಂತೆ. ಬಡ್ಡಿ ಬೇಡ, ಕಂಪನಿಯಲ್ಲಿ ಪಾಲು ಕೊಡು ಅಂದರು. ಮಾಡಿದ ಎರಡು ಯಂತ್ರವೂ ರೊಟ್ಟಿ ಹರಿದು ಹಾಕಿದವು. ಆದರೂ ಮೂರನೆಯದಕ್ಕೆ ಕೊಟ್ಟರು."

"ಮತ್ತೆ ಬೈಯುವುದು ಯಾಕೆ?"

"ದಿನಾ ಪ್ರಶ್ನೆ. ಜೋಳ ಯಾವುದು, ನೀರು ಎಷ್ಟು ಬಿಸಿ. ನಾಳೆ ಬ್ಯಾಂಕಿನಲ್ಲಿ ಸಾಲ ಎತ್ತಿ ಅವರ ಪಾಲು ಬಿಡಿಸಿಕೊಳ್ಳುತ್ತೇನೆ. ಬ್ಯಾಂಕಿಗೆ ಕಂತು ಬಂದರೆ ಸಾಕು, ರೊಟ್ಟಿ ಹೇಗಾದರೂ ಇರಲಿ."

"ಕೂತುಕೋ."

ಅಷ್ಟರಲ್ಲಿ ಪಕ್ಕದ ಮನೆಯ ಮೆಹಬೂಬಿ ಬಂದಳು. ಯಾರನ್ನೂ ಕೇಳದೆ ಕೋಳಿಯ ಅಡಿಗೆ ಕೈ ಹಾಕಿದಳು. ಕೋಳಿ ಕುಕ್ಕಿತು. ಒಂದು ಮೊಟ್ಟೆ ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟಳು. ಮೊಟ್ಟೆ ಅಲುಗಾಡಿತು; ಒಳಗೆ ಮರಿಗೆ ಜೀವವಿತ್ತು. ಒರೆಸಿ, ಮತ್ತೆ ಕೋಳಿಯ ಅಡಿಗಿಟ್ಟು, ಕುಕ್ಕಿಸಿಕೊಂಡ ಬೆರಳು ಚೀಪುತ್ತ ಹೋದಳು.

"ಕೋಳಿ ನಿಮ್ಮದು. ಅವಳದೇನು ದರ್ಬಾರು?"

"ಮೊಟ್ಟೆ ಅವಳದು. ಹದಿಮೂರು ಇಟ್ಟಿದ್ದಾಳೆ. ಮರಿಯಾದರೆ ಸರಿಪಾಲು."

"ಕೊಳೆತರೆ?"

"ಅವಳ ಮೊಟ್ಟೆ ಹೋಯಿತು. ನಾನು ಏನೂ ಕೊಡಬೇಕಿಲ್ಲ."

"ಹೋದ ವರ್ಷ ಎಷ್ಟು ಎದ್ದವು?"

"ನಾಲ್ಕು."

"ಹದಿಮೂರಕ್ಕೆ ನಾಲ್ಕು. ಆದರೂ ಮತ್ತೆ ತಂದಿಟ್ಟಳಾ?"

"ಆ ನಾಲ್ಕರಲ್ಲಿ ಒಂದು ಇದೇ ಕೋಳಿ."

ಹುಲಿಗೆಮ್ಮ ಕೋಳಿಯನ್ನು ನೋಡಿದಳು. ಮೆಹಬೂಬಿ ಹೋದ ದಾರಿಯನ್ನೂ ನೋಡಿದಳು.

"ಗಟ್ಟಿ ಹೆಂಗಸು," ಎಂದಳು. "ದಿನಾ ಬರುತ್ತಾಳಾ?"

"ದಿನಾ. ಕುಕ್ಕಿಸಿಕೊಂಡು ಹೋಗುತ್ತಾಳೆ."

ಫೋನು ಮತ್ತೆ ಹೊಡೆದುಕೊಂಡಿತು. ಹುಲಿಗೆಮ್ಮ ಅದನ್ನು ಕೈಯಲ್ಲಿ ಹಿಡಿದು ಕೂತಳು.

"ಎತ್ತು," ಎಂದಳು ಗುರುವಮ್ಮ. "ಮೂರನೆಯದೂ ರೊಟ್ಟಿ ಹರಿದರೆ ನಾಲ್ಕನೆಯದಕ್ಕೆ ಕೊಡುತ್ತೀರಾ ಅಂತ ಕೇಳು."

"ಕೇಳುವುದೇನು, ಕೊಡುತ್ತಾರೆ. ನಿನ್ನೆಯೇ ಹೇಳಿದರು."

"ಸರಿ. ನಾಲ್ಕನೆಯದನ್ನು ನೀನು ಮಾಡುತ್ತೀಯಾ?"