ಕೆರವಿನ ದಿಣ್ಣೆ

ಸಣ್ಣಗುಂಡಿಹಾಳದ ಬಸ್ ನಿಲ್ದಾಣದಿಂದ ಊರೊಳಕ್ಕೆ ಹೋಗುವಾಗ ಒಂದು ಏರು ಸಿಗುತ್ತದೆ. ಕೆಳಗೊಂದು, ಮೇಲೊಂದು ನೆಟ್ಟ ಕಲ್ಲು. ಪಕ್ಕದಲ್ಲಿ ಬಾಗಿಲು ಕಳಚಿದ ಗೌಡರ ವಾಡೆ. ದೆಹಲಿಯಲ್ಲಿ ಮೂರು ಸಲ ಮಂತ್ರಿಯಾಗಿದ್ದ ಯಮನೂರಪ್ಪನವರ ಹುಟ್ಟೂರು ನೋಡಲು ಬಂದವರು ಅವರ ಪ್ರತಿಮೆ ಹುಡುಕುತ್ತಾರೆ. ಪ್ರತಿಮೆ ಇಲ್ಲ, ಈ ಏರು ಇದೆ. ಇದರ ಹೆಸರು ಕೆರವಿನ ದಿಣ್ಣೆ.

ಹಿಂದೆ ಇದು ಗೌಡರ ದಿಣ್ಣೆಯಾಗಿತ್ತು. ಊರಿಗೆಲ್ಲ ಕೆರ ಹೊಲಿದುಕೊಡುತ್ತಿದ್ದ ಕೇರಿಯವರು ಕೆಳಗಿನ ಕಲ್ಲಿನ ಬಳಿ ತಮ್ಮ ಕೆರ ಬಿಚ್ಚಿ, ಕೈಯಲ್ಲಿ ಹಿಡಿದು, ವಾಡೆ ದಾಟಿ ಮೇಲಿನ ಕಲ್ಲಿನಾಚೆಗೇ ಮೆಟ್ಟಿಕೊಳ್ಳಬೇಕಿತ್ತು. ಎಂಥ ನಾಚಿಕೆಗೇಡಿನ ಪದ್ಧತಿ! ಆ ಕೇರಿಯ ಹುಲಿಗೆವ್ವನ ಮಗನೇ ಯಮನೂರಪ್ಪ. ಓದಿದರು, ಜೈಲಿಗೆ ಹೋದರು, ಮೊದಲ ಚುನಾವಣೆಯಲ್ಲಿ ಮಣ್ಣುಮುಕ್ಕಿ ಎರಡನೆಯದರಲ್ಲಿ ಗೆದ್ದರು. ಇಂಥ ಪದ್ಧತಿಗಳ ವಿರುದ್ಧ ಅವರು ಆಡಿದ ಮಾತಿಗೆ ಇಡೀ ಲೋಕಸಭೆ ಮೇಜು ಕುಟ್ಟಿತಂತೆ. ಇತ್ತ ಅವರ ತಾಯಿ ಮಾತ್ರ ಕೆರ ಕೈಯಲ್ಲಿ ಹಿಡಿದೇ ದಿಣ್ಣೆ ಹತ್ತುತ್ತಿದ್ದಳು.

ಮಂತ್ರಿಯಾದ ಮೇಲೆ ಅವರು ಮೊದಲ ಸಲ ಊರಿಗೆ ಬಂದಾಗ ತಳಿರು ತೋರಣ ಕಟ್ಟಿದ್ದರು, ಹಲಗೆ ಬಾರಿಸಿದ್ದರು. ಬಾವುಟದ ಕಾರು ದಿಣ್ಣೆ ದಾಟಿ, ಊರು ಸುತ್ತಿ ಬಂದು, ದಿಣ್ಣೆಯ ಕೆಳಗಿನ ಕೇರಿಯಲ್ಲಿ ನಿಂತಿತು. ಹಾರ ಹಿಡಿದವರನ್ನು ಸರಿಸಿ ಹುಲಿಗೆವ್ವ ಅಂದಳು: “ಕಾರಿನ ಗಾಲಿ ದಾಟ್ಯಾವು. ನಿನ್ನ ಕಾಲು ಇನ್ನಾ ದಾಟಿಲ್ಲಪಾ.”

ಮಂತ್ರಿಗಳ ಮುಖ ಸಣ್ಣದಾಯಿತು. ಜೊತೆಗಿದ್ದ ಅಧಿಕಾರಿ ಪೊಲೀಸರನ್ನು ಕರೆಸುತ್ತೇನೆಂದರೆ ಬೇಡವೆಂದರು. ತೀರಿಹೋದ ತಂದೆಯ ಉಳಿ, ಚರ್ಮ ಕೊಯ್ಯುವ ರಂಪಿಗೆ ತರಿಸಿ ಬೇವಿನ ನೆರಳಲ್ಲಿ ಕೂತು, ತಾಯಿಯ ಪಾದದ ಅಳತೆಗೆ ಒಂದು ಜೊತೆ ಕೆರ ಹೊಲಿದರು. ಕಡತಗಳಿಗೆ ಸಹಿ ಹಾಕಿ ರೂಢಿಯಾದ ಕೈ. ಹೊಲಿಗೆ ನೆಟ್ಟಗೆ ಬರಲಿಲ್ಲ ಎನ್ನುತ್ತಾರೆ.

ಸಂಜೆಯ ಬಿಸಿಲಿನಲ್ಲಿ ತಾಯಿ ಮಗ ಇಬ್ಬರೂ ಕೆರ ಮೆಟ್ಟಿ ಹೊರಟರು. ಕೇರಿಯ ಜನ ತಮ್ಮ ಕೆರ ಕೈಯಲ್ಲಿ ಹಿಡಿದೇ ಹಿಂದೆ ನಿಂತರು. ಹುಲಿಗೆವ್ವ ದಾಟಿದರೆ ತಾವೂ ದಾಟುವುದು, ಅವಳು ಬಗ್ಗಿದರೆ ಎಲ್ಲ ಮುಗಿದಂತೆ. ಕೆಳಗಿನ ಕಲ್ಲು ಬಂದೊಡನೆ, ಅರವತ್ತು ವರ್ಷದ ರೂಢಿ ನೋಡಿ, ಮುದುಕಿ ಬಿಚ್ಚಲು ಬಗ್ಗಿಯೇಬಿಟ್ಟಳು. ಮಗ ಅವಳ ಕೈ ಹಿಡಿಯಲಿಲ್ಲ, ಭಾಷಣವನ್ನೂ ಮಾಡಲಿಲ್ಲ. “ಯವ್ವಾ, ಹೊಲಿಗಿ ಸೊಟ್ಟ ಬಿದ್ದಾವ. ಬಿಚ್ಚಿದ್ರ ಹರೀತಾವ ನೋಡು,” ಅಂದರು.

ಹುಲಿಗೆವ್ವನಿಗೆ ನಗು ತಡೆಯಲಿಲ್ಲ. ನಗುತ್ತಲೇ ನೆಟ್ಟಗಾಗಿ ಕಾಲು ಮುಂದಿಟ್ಟಳು. ವಾಡೆಯ ಕಟ್ಟೆಯ ಮೇಲಿದ್ದ ಗೌಡರು ಎದ್ದು ನಿಂತರು. ಅಂಜಿಕೆಯಿಂದಲೋ ಗೌರವದಿಂದಲೋ, ಎದ್ದದ್ದಂತೂ ನಿಜ. ಹಿಂದಿನಿಂದ ಕೇರಿಗೆ ಕೇರಿಯೇ ಕೆರ ಕೆಳಗಿಟ್ಟು, ಮೆಟ್ಟಿ, ಚರ್ರಚರ್ರ ಸದ್ದು ಮಾಡುತ್ತ ಏರು ಹತ್ತಿತು. ಅಂದಿನಿಂದ ದಿಣ್ಣೆಗೆ ಈ ಹೆಸರು.

ಈಗಲೂ ಬಂದವರಲ್ಲಿ ಕೆಲವರು ಪುಣ್ಯಸ್ಥಳವೆಂದು ಭಕ್ತಿಯಿಂದ ಚಪ್ಪಲಿ ಬಿಚ್ಚಿ ಕೈಗೆತ್ತಿಕೊಳ್ಳುವುದುಂಟು. ಕಲ್ಲಿನ ಬಳಿ ಕೂತ ಕೇರಿಯ ಮುದುಕಿಯರು ಸುಮ್ಮನಿರುವುದಿಲ್ಲ.

“ಕೈಯಾಗ ಹಿಡದು ನಮಗ ಸಾಕಾಗೈತಿ, ನೀವ್ಯಾಕ ಹಿಡೀತೀರಿ? ಮೆಟಗೊಂಡ ನಡೀರಿ,” ಎಂದು ಗದರಿಸುತ್ತಾರೆ, ಮೆಟ್ಟಿಕೊಳ್ಳುವವರೆಗೂ ದಾರಿ ಬಿಡುವುದಿಲ್ಲ.