ಮೂರು ಸಲ ನಿಂತ ಹಾಡು

ತುಂಗಭದ್ರೆಯ ದಡದಲ್ಲಿ ದಾವಲ್‌ಸಾಬರದ್ದೊಂದು ತಗಡಿನ ಶೆಡ್ ಇತ್ತು. ಕಾರುಗಳ ಸ್ಪೀಕರ್ ರಿಪೇರಿ ಅವರ ಕೆಲಸ.

ಅವರ ಹತ್ತಿರ ಇಬ್ಬರು ಕಲಿಯುತ್ತಿದ್ದರು. ಬಸಲಿಂಗ ಆರು ವರ್ಷದಿಂದ ಇದ್ದ. ಹುಚ್ಚೀರಪ್ಪ ಬಂದು ಐದು ತಿಂಗಳಾಗಿತ್ತು. ಮೊದಲು ಪೇಟೆಯ ದೊಡ್ಡ ಅಂಗಡಿಯಲ್ಲಿದ್ದವನು.

ಅದನ್ನು ಯಾಕೆ ಬಿಟ್ಟೆ ಎಂದು ಬಸಲಿಂಗ ಎರಡು ಸಲ ಕೇಳಿದ್ದ. ಸಾಬರ ಹತ್ತಿರ ಕಲಿಯಬೇಕು ಅನ್ನಿಸಿತು ಎಂದಷ್ಟೇ ಅವನು ಹೇಳಿದ್ದ. ಆ ಉತ್ತರ ಬಸಲಿಂಗನಿಗೆ ಸಾಲಲಿಲ್ಲ.

ಸಂಗೀತ ಕಲಿಸುವ ಫಿಲೋಮಿನಾ ಟೀಚರ್ ಒಂದು ದಿನ ಕಾರು ತಂದರು. ಓಡಿಸುವಾಗ ಹಾಡು ತಟ್ಟನೆ ನಿಲ್ಲುತ್ತದೆ, ಎಲ್ಲ ಸ್ಪೀಕರುಗಳೂ ಒಟ್ಟಿಗೆ ಸುಮ್ಮನಾಗುತ್ತವೆ ಎಂದರು. ಹುಚ್ಚೀರಪ್ಪ ನಾಲ್ಕು ಬಾಗಿಲೂ ತೆರೆದಿಟ್ಟು ಕೆಲಸ ಮಾಡಿದ. ಹಾಡು ಚೆನ್ನಾಗಿ ಕೇಳಿತು.

ಮೂರು ದಿನಕ್ಕೆ ಕಾರು ಮತ್ತೆ ಬಂತು. ಅವನು ಬಲಗಡೆ ಬಾಗಿಲಿನ ಸ್ಪೀಕರನ್ನೇ ಬದಲಿಸಿದ. ಹಾಡು ಕೇಳಿತು. ವಾರದೊಳಗೆ ಕಾರು ಮೂರನೇ ಸಲ ಬಂತು.

ಬಸಲಿಂಗ ಅವನ ಮೇಲೆ ಕಣ್ಣಿಡತೊಡಗಿದ. ಫೋನು ಬಂದರೆ ಹುಚ್ಚೀರಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಅದನ್ನು ಬಸಲಿಂಗ ಮನಸ್ಸಿನಲ್ಲಿಟ್ಟುಕೊಂಡ. ಒಂದು ಮಧ್ಯಾಹ್ನ ಅವನ ಚೀಲ ಬಿಚ್ಚಿ ನೋಡಿದ. ಒಳಗೆ ಕತ್ತರಿಸಿ ಬೆಸೆದ ತಂತಿಯ ತುಂಡುಗಳಿದ್ದವು.

ಸಾಬರ ಮುಂದೆ ಹೇಳಿದ್ದಾಯಿತು. ಬೆಸುಗೆ ಅಭ್ಯಾಸಕ್ಕೆಂದು ಆ ತುಂಡುಗಳನ್ನು ತಾವೇ ಕೊಟ್ಟಿದ್ದಾಗಿ ಸಾಬರು ಹೇಳಿದರು. ಇವರನ್ನೂ ನಂಬಿಸಿಬಿಟ್ಟಿದ್ದಾನೆ ಎಂದುಕೊಂಡ ಬಸಲಿಂಗ.

ಮರುದಿನ ಸಾಬರು ಊಟಕ್ಕೆ ಹೋಗಿದ್ದಾಗ ಅವನೇ ಮೀಟರು ಹಿಡಿದು ಕೂತ. ಬಲಗಡೆ ಬಾಗಿಲಿನ ಸ್ಪೀಕರಿಗೆ ಹೋಗುವ ತಂತಿಯ ಎರಡೂ ತುದಿ ಬಿಚ್ಚಿದ. ಮೀಟರಿನ ಒಂದು ಕಡ್ಡಿಯನ್ನು ತಂತಿಗೆ, ಇನ್ನೊಂದನ್ನು ಕಾರಿನ ಲೋಹಕ್ಕೆ ಹಿಡಿದ. ತಂತಿ ಎಲ್ಲಾದರೂ ಲೋಹಕ್ಕೆ ತಾಗಿದ್ದರೆ ಮೀಟರು ಕೂಗಬೇಕು. ಕೂಗಲಿಲ್ಲ.

ಅಷ್ಟರಲ್ಲಿ ಟೀಚರ್ ಬಂದರು. ಏನಾಗಿದೆ ಎಂದು ಕೇಳಿದರು.

"ಇದು ತಾನಾಗಿ ಕೆಟ್ಟದ್ದಲ್ಲ ಟೀಚರ್, ಕೆಡಿಸಿದ್ದು," ಎಂದ ಬಸಲಿಂಗ. "ನಮ್ಮ ಗಿರಾಕಿಗಳು ಇವನ ಹಳೇ ಅಂಗಡಿಗೆ ಹೋಗಲಿ ಅಂತ."

ಹುಚ್ಚೀರಪ್ಪ ಅಲ್ಲೇ ನಿಂತಿದ್ದ. ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಚೀಲ ತೆಗೆದುಕೊಂಡು ನದಿಯ ಕಡೆ ಇಳಿದು ಹೋದ.

ತಪ್ಪಿಲ್ಲದಿದ್ದರೆ ಜಗಳವಾಡುತ್ತಿದ್ದ ಎಂದು ಬಸಲಿಂಗ ಟೀಚರಿಗೆ ವಿವರಿಸಿದ. ಟೀಚರ್ ನೆರಳಿಗೆ ಹೋಗಿ ಕೂತರು.

ಸಾಬರು ಬಂದು ಎಲ್ಲವನ್ನೂ ಕೇಳಿಸಿಕೊಂಡರು.

"ಸ್ಪೀಕರ್ ಸರಿಯಿದೆ, ತಂತಿ ಸರಿಯಿದೆ, ಆಂಪ್ಲಿಫೈಯರ್ ಸರಿಯಿದೆ," ಎಂದ ಬಸಲಿಂಗ. "ಇನ್ನು ಉಳಿದಿದ್ದು ಮನುಷ್ಯ ಒಬ್ಬನೇ."

"ತಂತಿ ನೋಡುವಾಗ ಬಾಗಿಲು ಹೇಗಿತ್ತು?"

"ತೆರೆದಿತ್ತು. ಯಾವಾಗಲೂ ಹಾಗೇ ನೋಡುತ್ತೇವಲ್ಲ."

"ಟೀಚರ್ ಬಾಗಿಲು ತೆರೆದುಕೊಂಡು ಕಾರು ಓಡಿಸುತ್ತಾರಾ?"

ಬಸಲಿಂಗ ಬಾಗಿಲಿನ ಕಡೆ ತಿರುಗಿದ.

ಸಾಬರು ಅವನನ್ನು ಸೀಟಿನಲ್ಲಿ ಕೂರಿಸಿದರು. ಕಡ್ಡಿಗಳನ್ನು ಮೊದಲಿನ ಹಾಗೇ ಹಿಡಿದುಕೊಳ್ಳಲು ಹೇಳಿ, ಹೊರಗಿನಿಂದ ಬಾಗಿಲು ತಳ್ಳಿದರು. ಬಾಗಿಲು ಕೂತುಕೊಂಡ ಕ್ಷಣಕ್ಕೆ ಮೀಟರು ಕೂಗಿತು.

ತೆರೆದರು. ಸುಮ್ಮನಾಯಿತು. ಮುಚ್ಚಿದರು. ಮತ್ತೆ ಕೂಗಿತು.

ಬಸಲಿಂಗ ಇಳಿದು ಬಂದು, ಬಾಗಿಲಿನ ಕೀಲಿನ ಹತ್ತಿರ ತಂತಿ ಹಾಯುವ ರಬ್ಬರ್ ಕೊಳವೆಯನ್ನು ಸರಿಸಿ ನೋಡಿದ. ಕೊಳವೆ ಹರಿದು, ತಂತಿ ಹೊರಗೆ ಜಾರಿತ್ತು. ಬಾಗಿಲು ತೆರೆದು ಮುಚ್ಚಿ ಅದರ ಮೈ ಸವೆದು ತಾಮ್ರ ಕಾಣುತ್ತಿತ್ತು. ಮುಚ್ಚಿದಾಗ ಅದು ಕೀಲಿಗೆ ಒತ್ತಿಕೊಳ್ಳುತ್ತಿತ್ತು. ತಂತಿ ಲೋಹಕ್ಕೆ ತಾಗಿದೊಡನೆ, ಸ್ಪೀಕರುಗಳಿಗೆಲ್ಲ ಸದ್ದು ಕಳಿಸುವ ಆಂಪ್ಲಿಫೈಯರ್ ತನ್ನನ್ನು ಉಳಿಸಿಕೊಳ್ಳಲು ಎಲ್ಲ ಸದ್ದನ್ನೂ ನಿಲ್ಲಿಸುತ್ತಿತ್ತು.

ಕತ್ತರಿಸಿದ ಗುರುತಿಗಾಗಿ ಅವನು ಬೆರಳಿನಿಂದ ತಡವಿ ಹುಡುಕಿದ. ತಂತಿಯನ್ನು ತಿರುಗಿಸಿ ಮತ್ತೊಮ್ಮೆ ಹುಡುಕಿದ. ಸವೆದ ಗುರುತು ಬಿಟ್ಟರೆ ಏನೂ ಇರಲಿಲ್ಲ.

"ಹಾಗಾದರೆ ಇದು ಯಾರ ತಪ್ಪೂ ಅಲ್ಲ," ಎಂದ ಮೆಲ್ಲಗೆ.

"ತಂತಿಯ ವಿಷಯದಲ್ಲಿ ಯಾರದ್ದೂ ಅಲ್ಲ," ಎಂದರು ಸಾಬರು.

ಬಸಲಿಂಗನ ಮುಖ ಇಳಿಯಿತು. ಅವನು ನದಿಯ ಕಡೆ ನೋಡಿದ. ಕೆಳಗೆ ರೇವಿನಲ್ಲಿ ಜನ ಒಬ್ಬೊಬ್ಬರಾಗಿ ಆಚೆ ದಡಕ್ಕೆ ಹೋಗುವ ದೋಣಿ ಹತ್ತುತ್ತಿದ್ದರು. ಆಗಲೇ ಹತ್ತಿದವರ ನಡುವೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹುಚ್ಚೀರಪ್ಪ ಕೂತಿದ್ದ.

ಬಸಲಿಂಗ ಟೇಪಿನ ಸುರುಳಿ ಕೈಗೆತ್ತಿಕೊಂಡ. ತಂತಿಗೆ ಟೇಪು ಸುತ್ತಿ, ಹಾಡು ಹಾಕಿ ನೋಡಿ, ಆಮೇಲೆ ಹೋಗಿ ಅವನನ್ನು ಕರೆತರಲೇ ಎಂದು ಕೇಳಿದ.

ದಾವಲ್‌ಸಾಬರು ಅವನ ಕೈಯಿಂದ ಟೇಪು ತೆಗೆದುಕೊಂಡರು.

"ಕಾರು ನಾಳೆಯೂ ಇಲ್ಲೇ ಇರುತ್ತೆ."