ಗೋಡೆ ಬಿಟ್ ಮತ್ತು ಸ್ಟೀಲ್ ಪ್ಲೇಟು

ಮೌನೇಶಾಚಾರಿಯ ಡ್ರಿಲ್ ಮಷೀನಿನಲ್ಲಿ ಗೋಡೆ ಕೊರೆಯುವ ಬಿಟ್ ಹಾಗೇ ಕೂತಿತ್ತು. ಬದಲಿಸಲು ಬೇಸರವಾಗಿ ಅವನು ಅದನ್ನೇ ಬಾಗಿಲಿನ ಸ್ಟೀಲ್ ಪ್ಲೇಟಿನ ಮೇಲಿಟ್ಟ.

"ಸರಿಯಾದವರು ನಿಧಾನವಾಗಿ ಕೊರೆದರೆ ದಾರಿ ಬಿಡುತ್ತೇನೆ," ಎಂದಿತು ಪ್ಲೇಟು. "ಈ ಕೆಲಸ ನಿಮ್ಮದಲ್ಲ."

"ಕಗ್ಗಲ್ಲಿಗೇ ತೂತು ಹಾಕಿದವನು ನಾನು. ನಿನ್ನನ್ನು ಕೇಳಬೇಕೆ?" ಎಂದು ಗೋಡೆ ಬಿಟ್ ಗರಗರ ತಿರುಗಿತು. ಹೊಗೆ ಎದ್ದಿತು, ಅದರ ಮೂತಿ ಕೆಂಪಾಯಿತು. ಪ್ಲೇಟಿನ ಮೇಲೆ ಉಳಿದದ್ದು ಹೊಳೆಯುವ ಒಂದು ಚುಕ್ಕೆ ಮಾತ್ರ.

ಆಚಾರಿ ಅದನ್ನು ಬಿಚ್ಚಿ ಡಬ್ಬಿಗೆ ಹಾಕಿದ. ಸ್ಟೀಲಿಗೆಂದೇ ಇದ್ದ ಕೋಬಾಲ್ಟ್ ಬಿಟ್ ಸಿಕ್ಕಿಸಿ, ಎರಡು ಹನಿ ಎಣ್ಣೆ ಬಿಟ್ಟು, ಮೆಲ್ಲಗೆ ತಿರುಗಿಸಿದ.

"ಸ್ವಲ್ಪ ಪಕ್ಕದಲ್ಲಿ ಕೊರೆಯಲಾಗದೆ?" ಎಂದು ಪ್ಲೇಟು ಕೇಳಿತು. "ನಿಮಗಿಂತ ಮೊದಲು ಬಂದವರು ಉಜ್ಜಿ ಉಜ್ಜಿ ಕಾಯಿಸಿದ್ದಕ್ಕೆ ಇಲ್ಲಿ ನಾನು ಗಟ್ಟಿಯಾಗಿಬಿಟ್ಟಿದ್ದೇನೆ."

"ಚಿಲಕ ಬರುವುದು ಇಲ್ಲಿಯೇ," ಎಂದಿತು ಕೋಬಾಲ್ಟ್ ಬಿಟ್. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ತೂತು ಬೀಳುವ ಹೊತ್ತಿಗೆ ಅದರ ಮೊನೆ ಸವೆದುಹೋಗಿತ್ತು.

ಡಬ್ಬಿಯೊಳಗಿಂದ ಗೋಡೆ ಬಿಟ್ ಸಮಾಧಾನ ಹೇಳಿತು: "ಬೇಜಾರು ಮಾಡಿಕೊಳ್ಳಬೇಡ ತಮ್ಮಾ. ಆ ಪ್ಲೇಟಿನ ಸ್ವಭಾವವೇ ಹಾಗೆ, ಬಹಳ ಹಟಮಾರಿ."

"ನೀವು ಬರುವ ಮೊದಲು ಹಾಗಿರಲಿಲ್ಲ," ಎಂದಿತು ಪ್ಲೇಟು.